ಸ್ನೇಹಿತರ ಜೊತೆ ವೈನ್ ಸಂಜೆ: ಬಾಟಲಿ ಆರಿಸುವುದರಿಂದ ಬಾಡೂಟದವರೆಗೆ

ಯಾವಾಗಲೋ ಒಂದು ಬಾಟಲಿ ತಂದು ಕುಡಿದರೆ ವೈನ್ ವಿಷಯ ತಲೆಗೆ ಹತ್ತುವುದಿಲ್ಲ, ವೈನ್ ಮಾತ್ರ ಹತ್ತುತ್ತದೆ. ಹೋದ ತಿಂಗಳು ಕುಡಿದದ್ದು ಹೇಗಿತ್ತು ಅಂತ ನಾಲಿಗೆಗೆ ನೆನಪಿರುವುದಿಲ್ಲ. ಎರಡು ಗ್ಲಾಸ್ ಪಕ್ಕಪಕ್ಕ ಇಟ್ಟು, ಇದರಲ್ಲೊಂದು ಗುಟುಕು ಅದರಲ್ಲೊಂದು ಗುಟುಕು ಕುಡಿದಾಗಲೇ ಇದು ಹುಳಿ, ಅದು ಒಗರು, ಇದರಲ್ಲಿ ಸಕ್ಕರೆ ಇದೆ, ಅದರಲ್ಲಿ ಇಲ್ಲ ಅಂತ ಗೊತ್ತಾಗುವುದು. ಸ್ನೇಹಿತರು ಬೇಕಾಗುವುದು ಇದಕ್ಕೇ. ಆರು ಬಾಟಲಿ ಒಬ್ಬರೇ ತೆರೆಯುವ ಹಾಗಿಲ್ಲ ಅಲ್ವಾ?

ಇಲ್ಲಿ ಹೇಳುತ್ತಿರುವುದು ಮೈಸೂರಿನ ಒಂದು ಸಾಧಾರಣ ಮನೆ, ಎಂಟು ಜನ, ಆರು ಬಾಟಲಿಯ ಲೆಕ್ಕದಲ್ಲಿ. ಏಳೂವರೆಗೆ ರುಚಿ ನೋಡಲು ಕೂತರೆ ಒಂಬತ್ತಕ್ಕೆ ಊಟ. ಎಲ್ಲರಿಗೂ 21 ದಾಟಿರಬೇಕು, ಕರ್ನಾಟಕದಲ್ಲಿ ಕಾನೂನು ಅದೇ.

ಮೊದಲು ಲೆಕ್ಕ

ಬಾಟಲಿಯಲ್ಲಿ 750 ಮಿ.ಲೀ. ಇರುತ್ತದೆ. ರುಚಿ ನೋಡಲು ತಲೆಗೆ 50 ಮಿ.ಲೀ. ಸಾಕು. ಎಂಟು ಜನರಿಗೆ 400 ಹೋದರೆ ಊಟಕ್ಕೆ 350 ಉಳಿಯುತ್ತದೆ. ಆರನೆಯದು ಸಿಹಿ ವೈನ್, ಅದು 375ರ ಅರ್ಧ ಬಾಟಲಿ, ತಲೆಗೆ 40 ಹಾಕಿದರೆ ಆಯಿತು. ಅಲ್ಲಿಗೆ ಊಟಕ್ಕೆ ಮೊದಲೇ ಒಬ್ಬೊಬ್ಬರಿಗೆ 290 ಮಿ.ಲೀ. ಬೀಳುತ್ತದೆ, ಶೇ. 13ರ ವೈನ್ ಆದರೆ ಸುಮಾರು 30 ಗ್ರಾಂ ಆಲ್ಕೋಹಾಲ್. ಉಳಿದದ್ದನ್ನೂ ಊಟದ ಜೊತೆ ಖಾಲಿ ಮಾಡಿದರೆ ತಲೆಗೆ ಅರ್ಧ ಲೀಟರ್ ದಾಟುತ್ತದೆ. ಅದಕ್ಕೆ ಬಾಟಲಿ ಮುಗಿಸಲೇಬೇಕು ಅನ್ನೋ ಹಟ ಬೇಡ.

ಅಂದಾಜಿನಲ್ಲಿ ಸುರಿಯಬೇಡಿ. ನಮ್ಮವರ ಕೈ ಧಾರಾಳ, ಅಂದಾಜಿನಲ್ಲಿ 50 ಅಂದರೆ 90 ಆಗಿರುತ್ತದೆ, ಐದನೇ ಬಾಟಲಿ ಹೊತ್ತಿಗೆ ಯಾರಿಗೂ ಏನೂ ವಾಸನೆ ಹಿಡಿಯುವುದಿಲ್ಲ. 60 ಮಿ.ಲೀ. ಪೆಗ್ ಅಳತೆ ಎಲ್ಲರ ಮನೆಯಲ್ಲೂ ಎಲ್ಲೋ ಒಂದು ಕಡೆ ಇರುತ್ತದೆ, ಅದರಲ್ಲಿ ತುಸು ಕಡಿಮೆ ಹಾಕಿ.

ಯಾವ ಆರು?

"ಬರುವಾಗ ಏನಾದರೂ ಒಂದು ವೈನ್ ತಗೊಂಡು ಬನ್ನಿ" ಅಂದರೆ ಅರ್ಧಕ್ಕರ್ಧ ಜನ ಸಿಹಿ ಪೋರ್ಟ್ ತರುತ್ತಾರೆ. ತಪ್ಪು ಅವರದಲ್ಲ, ಬಹಳ ಜನರಿಗೆ ವೈನ್ ಅಂದರೆ ಅದೇ. ಹಾಗಾಗಿ ವಾಟ್ಸಾಪ್ ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಂಚಿಬಿಡಿ, ದ್ರಾಕ್ಷಿಯ ಹೆಸರು ಸಮೇತ. ದುಡ್ಡಿನ ವಿಷಯವನ್ನೂ ಆಗಲೇ ಮಾತಾಡಿ ಮುಗಿಸಿ, ಆರು ಬಾಟಲಿಯ ಬಿಲ್ಲು ಎಂಟರಿಂದ ಭಾಗಿಸಿದರೆ ಸರಿ. ಒಬ್ಬ ನಾಲ್ಕು ಸಾವಿರದ್ದು, ಇನ್ನೊಬ್ಬ ಆರುನೂರರದ್ದು ತಂದರೆ ಸುಮ್ನೆ ಮುಜುಗರ.

ಆರಿಸುವಾಗ ನನ್ನ ನಿಯಮ ಇಷ್ಟೇ: ಬಾಟಲಿಗಳು ಜೋಡಿಯಲ್ಲಿ ಬರಬೇಕು, ಜೋಡಿಯ ನಡುವೆ ಆದಷ್ಟು ಒಂದೇ ಒಂದು ವಿಷಯ ಬೇರೆ ಇರಬೇಕು. ಆರು ದೇಶದ ಆರು ವೈನ್ ತಂದರೆ ನೋಡಲು ಚೆಂದ, ಕಲಿಯುವುದು ಏನೂ ಇಲ್ಲ. ವ್ಯತ್ಯಾಸ ದ್ರಾಕ್ಷಿಯಿಂದ ಬಂತೋ, ಮರದ ಪೀಪಾಯಿಯಿಂದ ಬಂತೋ, ಊರಿನಿಂದ ಬಂತೋ ಗೊತ್ತಾಗಲ್ಲ. ಆಮದು ಬಾಟಲಿಗೆ ಸುಂಕವೂ ಭಾರಿ. ಮೊದಲ ಸಲಕ್ಕೆ ನಮ್ಮ ದೇಶದ್ದೇ ಸಾಕು.

ಶುರುವಿಗೆ ಒಂದು ಸ್ಪಾರ್ಕ್ಲಿಂಗ್, ಅಂದರೆ ಗುಳ್ಳೆ ಬರುವ ವೈನ್. ಲೇಬಲ್ ಮೇಲೆ 'ಬ್ರೂಟ್' ಅಂತ ಇರಲಿ, ಅದರಲ್ಲಿ ಸಿಹಿ ಕಡಿಮೆ. ಸುಲಾ ಕಂಪನಿಯ ಬ್ರೂಟ್ ಸುಲಭವಾಗಿ ಸಿಗುತ್ತದೆ, ನಾಸಿಕ್‌ನ ದಿಂಡೋರಿಯಲ್ಲಿ ಮಾಡುವ ಶಾಂಡೋನ್ ಕೂಡ ಇದೆ.

ಆಮೇಲೆ ಬಿಳಿ ಜೋಡಿ: ಸಾವಿನ್ಯಾನ್ ಬ್ಲಾಂಕ್ ಮತ್ತು ಶೆನಿನ್ ಬ್ಲಾಂಕ್. ಎರಡನ್ನೂ ಒಂದೇ ಕಂಪನಿಯದ್ದು ತನ್ನಿ, ಆಗ ಬೇರೆ ಆಗುವುದು ಮುಖ್ಯವಾಗಿ ದ್ರಾಕ್ಷಿ. ಸಾವಿನ್ಯಾನ್ ಚುರುಕು, ಹುಳಿ ಮುಂದೆ, ಕತ್ತರಿಸಿದ ದೊಣ್ಣೆಮೆಣಸಿನಕಾಯಿ, ಸೀಬೆಹಣ್ಣಿನ ವಾಸನೆ. ಸುಲಾದ ಶೆನಿನ್‌ನಲ್ಲಿ ಒಂದಿಷ್ಟು ಸಿಹಿ ಉಳಿಸಿರುತ್ತಾರೆ. ಈ ಶೆನಿನ್ ನೆನಪಿಟ್ಟುಕೊಳ್ಳಿ, ಊಟದ ಹೊತ್ತಿಗೆ ಇದೇ ಹೀರೋ. ಹಂಪಿ ಕಡೆಯ ಕೃಷ್ಮಾ ಎಸ್ಟೇಟ್ಸ್‌ನ ಸಾವಿನ್ಯಾನ್ ಕಣ್ಣಿಗೆ ಬಿದ್ದರೆ ಬೇರೆ ಜೋಡಿಯೂ ಮಾಡಬಹುದು: ಒಂದೇ ದ್ರಾಕ್ಷಿ, ಎರಡು ಊರು.

ಕೆಂಪು ಜೋಡಿಗೆ ಗ್ರೋವರ್ ಕುಟುಂಬದ ಕಂಪನಿ ಒಳ್ಳೆಯ ಆಯ್ಕೆ. ನಂದಿ ಬೆಟ್ಟದ ಬುಡದಲ್ಲಿ ಆ ಕುಟುಂಬ 1980ರ ದಶಕದಲ್ಲೇ ಫ್ರೆಂಚ್ ದ್ರಾಕ್ಷಿಗೆ ಕೈ ಹಾಕಿತ್ತು, ರಾಜ್ಯ ಸರ್ಕಾರದ ವೈನ್ ನೀತಿ ಬಂದದ್ದು ಎಷ್ಟೋ ವರ್ಷದ ಮೇಲೆ, 2007ರಲ್ಲಿ. ಅವರ ಆರ್ಟ್ ಕಲೆಕ್ಷನ್‌ನ ಕ್ಯಾಬರ್ನೆ ಶಿರಾಜ್ ಒಂದು, ಲಾ ರಿಸರ್ವ್ ಇನ್ನೊಂದು. ಎರಡರಲ್ಲೂ ದ್ರಾಕ್ಷಿ ಅವೇ, ಕ್ಯಾಬರ್ನೆ ಮತ್ತು ಶಿರಾಜ್, ಆದರೆ ಲಾ ರಿಸರ್ವ್ ಓಕ್ ಮರದ ಪೀಪಾಯಿಯಲ್ಲಿ ಕಾಲ ಕಳೆದು ಬಂದದ್ದು. ಓಕ್ ಅಂದರೆ ಏನು ಅಂತ ಹತ್ತು ಪುಟ ಓದುವುದಕ್ಕಿಂತ ಈ ಎರಡು ಗ್ಲಾಸ್ ಮೂಸುವುದು ವಾಸಿ. ಇವು ಸಿಗದಿದ್ದರೆ ಸುಲಾದ ದಿಂಡೋರಿ ರಿಸರ್ವ್ ಶಿರಾಜ್ ಮತ್ತು ಫ್ರಾಟೆಲ್ಲಿ ಕಂಪನಿಯ ಸೆಟ್ಟೆ ಇಡಿ. ಸೆಟ್ಟೆ ಮಹಾರಾಷ್ಟ್ರದ ಅಕ್ಲೂಜ್‌ನದು, ಇಟಲಿ ಮೂಲದ ಸಾಂಜೊವೇಸೆ ದ್ರಾಕ್ಷಿಗೆ ಕ್ಯಾಬರ್ನೆ ಸೇರಿಸಿ ಮಾಡುತ್ತಾರೆ.

ಕೊನೆಗೆ ಸುಲಾ ಲೇಟ್ ಹಾರ್ವೆಸ್ಟ್ ಶೆನಿನ್, ಅರ್ಧ ಬಾಟಲಿ. ದ್ರಾಕ್ಷಿಯನ್ನು ಬಳ್ಳಿಯಲ್ಲೇ ಜಾಸ್ತಿ ದಿನ ಬಿಟ್ಟು ಸಕ್ಕರೆ ಏರಿದ ಮೇಲೆ ಕೊಯ್ದು ಮಾಡುವ ವೈನ್. ಮೂರನೇ ಬಾಟಲಿಯ ಅದೇ ಶೆನಿನ್ ದ್ರಾಕ್ಷಿ ಇಲ್ಲಿ ಬೇರೆ ವೇಷದಲ್ಲಿ ಬರುತ್ತದೆ.

ತಮಾಷೆಗೆ ಏಳನೆಯದು ಬೇಕು ಅನ್ನಿಸಿದರೆ ಬೆಂಗಳೂರು ಬ್ಲೂ ದ್ರಾಕ್ಷಿಯ ಒಂದು ಸಿಹಿ ಕೆಂಪು ತನ್ನಿ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುವ, ಜಿಐ ಟ್ಯಾಗ್ ಇರುವ ಹಣ್ಣು. ಇದು ಯುರೋಪಿನ ವೈನ್ ದ್ರಾಕ್ಷಿಯ ಜಾತಿಯದ್ದಲ್ಲ, ಅಮೆರಿಕ ಮೂಲದ್ದು, ಆ ದ್ರಾಕ್ಷಿ ಜ್ಯೂಸಿನ ಗಮ್ಮೆನ್ನುವ ವಾಸನೆ ಅಲ್ಲಿಂದಲೇ ಬರುವುದು. ಶಿರಾಜ್ ಪಕ್ಕ ಇಟ್ಟು ನೋಡಿ, ಎರಡೂ ಒಂದೇ ಹೆಸರಿನ ಪಾನೀಯ ಅಂತ ನಂಬುವುದೇ ಕಷ್ಟ.

ಎಲ್ಲಿಂದ ತರುವುದು

ಮೂಲೆ ಅಂಗಡಿಯಲ್ಲಿ ತರಬೇಡಿ ಅಂತ ಹೇಳಲ್ಲ, ಆದರೆ ಬಾಟಲಿ ಎಲ್ಲಿ ನಿಂತಿದೆ ನೋಡಿ. ಬೀದಿ ಕಡೆಯ ಗಾಜಿನ ಹಿಂದೆ ಬಿಸಿಲಿಗೆ ಮೈಯೊಡ್ಡಿ ನಿಂತಿದ್ದರೆ ಒಳಗಿರುವುದು ಬೆಂದುಹೋಗಿರುತ್ತದೆ. ಏಪ್ರಿಲ್ ಬಿಸಿಲಿಗೆ ಇದಕ್ಕೆ ಜಾಸ್ತಿ ದಿನ ಬೇಕಾಗಿಲ್ಲ. ಎಸಿ ಇರುವ, ವೈನ್ ಬೇಗ ಖರ್ಚಾಗುವ ಅಂಗಡಿ ಹುಡುಕಿ. ಕಾರ್ಕ್ ಮೇಲಕ್ಕೆ ಉಬ್ಬಿದ್ದರೆ, ಬಾಟಲಿ ಕತ್ತು ಅಂಟಂಟಾಗಿದ್ದರೆ ವಾಪಸ್ ಇಡಿ. ಆಮೇಲೆ ಲೇಬಲ್ ಮೇಲಿನ ವರ್ಷ, ಅಂದರೆ ದ್ರಾಕ್ಷಿ ಕೊಯ್ದ ವರ್ಷ. ನಮ್ಮಲ್ಲಿ ವೈನ್ ದ್ರಾಕ್ಷಿ ಕೊಯ್ಯುವುದು ಹೆಚ್ಚುಕಮ್ಮಿ ಜನವರಿಯಿಂದ ಮಾರ್ಚ್ ಒಳಗೆ. ಸಾಧಾರಣ ಬಿಳಿ ವೈನ್‌ಗೆ ಆ ವರ್ಷದಿಂದ ಎರಡು ವರ್ಷ ದಾಟಿದ್ದರೆ ಮುಟ್ಟಬೇಡಿ. ಹಳೆಯದಾದಷ್ಟೂ ಒಳ್ಳೆಯದು ಅನ್ನುವ ಮಾತು ಈ ಬಾಟಲಿಗಳಿಗೆ ಹೊಂದುವುದಿಲ್ಲ.

ಬೆಂಗಳೂರಿನಿಂದ ಯಾರಾದರೂ ಕಾರಿನಲ್ಲಿ ಬರುವವರಿದ್ದರೆ ಎಕ್ಸ್‌ಪ್ರೆಸ್‌ವೇ ಬಿಟ್ಟು ಚನ್ನಪಟ್ಟಣದ ಕಡೆ ಇಳಿಯಲು ಹೇಳಿ. ಅಲ್ಲಿ ಸುಲಾದವರ ವೈನರಿ ಇದೆ, ಡೊಮೇನ್ ಸುಲಾ. ಹೇಗೂ ಇಳಿದಿರುತ್ತಾರಲ್ಲ, ಹಾಗೇ ಹಳೇ ರಸ್ತೆಯಲ್ಲಿ ಬಂದು ಮದ್ದೂರಿನಲ್ಲಿ ಒಂದು ಡಜನ್ ವಡೆ ಕಟ್ಟಿಸಿಕೊಳ್ಳಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಅಕ್ಟೋಬರ್ 2ಕ್ಕೆ, ಚುನಾವಣೆ ದಿನಗಳಿಗೆ ಊಟ ಇಟ್ಟುಕೊಂಡಿದ್ದರೆ ಬಾಟಲಿ ಮೊದಲೇ ಮನೆಯಲ್ಲಿರಲಿ.

ಮನೆ ಸಜ್ಜು ಮಾಡುವುದು

ವೈನ್ ರುಚಿಯಲ್ಲಿ ಮುಕ್ಕಾಲು ಪಾಲು ಕೆಲಸ ಮೂಗಿನದು. ಮೈಸೂರು ಮನೆಗಳಲ್ಲಿ ಮೂಗಿಗೆ ಬಿಡುವೇ ಇರುವುದಿಲ್ಲ, ಅದೇ ತೊಂದರೆ. ಸಂಜೆ ದೀಪ ಹಚ್ಚುವಾಗ ಊದುಬತ್ತಿ ಹಚ್ಚಿದ್ದರೆ ಆ ಕೋಣೆಯಲ್ಲಿ ರುಚಿ ನೋಡುವ ಕಾರ್ಯಕ್ರಮ ಮುಗಿದ ಹಾಗೆ. ಮೇಜಿನ ಮೇಲೆ ಮಲ್ಲಿಗೆ ಬೇಡ. ಸೆಂಟ್ ಹಾಕಿಕೊಂಡು ಬರಬೇಡಿ ಅಂತ ಮೊದಲೇ ಹೇಳಿ, ಬೇಜಾರಾದರೆ ಆಗಲಿ. ಒಗ್ಗರಣೆ, ಮಸಾಲೆ ಹುರಿಯುವುದು ಎಲ್ಲ ಆರು ಗಂಟೆಯೊಳಗೆ ಮುಗಿಸಿ ಕಿಟಕಿ ತೆಗೆದಿಡಿ, ಊಟ ಆಮೇಲೆ ಬಿಸಿ ಮಾಡಿಕೊಂಡರಾಯಿತು. ಫ್ಯಾನ್ ನಿಧಾನಕ್ಕೆ ತಿರುಗಲಿ, ಜೋರಾಗಿಟ್ಟರೆ ಗ್ಲಾಸಿನ ವಾಸನೆ ಗಾಳಿಗೆ ಹೋಗುತ್ತದೆ. ಬರುವವರು ಒಂದು ಗಂಟೆ ಮುಂಚೆಯಿಂದ ಕಾಫಿ, ಎಲೆಅಡಿಕೆ, ಏಲಕ್ಕಿ ಬಾಯಿಗೆ ಹಾಕಬಾರದು. ಹಲ್ಲುಜ್ಜಿಕೊಂಡು ಫ್ರೆಶ್ಶಾಗಿ ಬರುವವರಿಗೂ ಹೇಳಿ, ಪೇಸ್ಟ್ ಆದ ಮೇಲೆ ಎಂಥ ವೈನ್ ಆದರೂ ಕಹಿ.

ಗ್ಲಾಸ್ ತಲೆಗೆ ಎರಡು ಬೇಕು, ಪಕ್ಕಪಕ್ಕ ಇಟ್ಟು ನೋಡುವುದೇ ಇಲ್ಲಿ ಕೆಲಸ. ದುಬಾರಿಯದ್ದು ಬೇಡ. ಹೊಟ್ಟೆ ಅಗಲ, ಬಾಯಿ ಕಿರಿದು ಇದ್ದರೆ ಸಾಕು, ವಾಸನೆ ಒಳಗೆ ನಿಲ್ಲಬೇಕು ಅಷ್ಟೇ. ಬಿಳಿಗೆ ಒಂದು, ಕೆಂಪಿಗೆ ಒಂದು ಅನ್ನುವ ಶಿಸ್ತೆಲ್ಲ ಹೋಟೆಲಿನವರಿಗೆ ಬಿಡಿ. ಗ್ಲಾಸನ್ನು ಬರೀ ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಸೋಪಿನ ವಾಸನೆ ಅಂಟಿಕೊಂಡಿರುತ್ತದೆ. ನಡುನಡುವೆ ತೊಳೆಯುವ ಅಗತ್ಯ ಇಲ್ಲ, ಮುಂದಿನ ವೈನ್‌ನದೇ ಒಂದು ಚಮಚ ಹಾಕಿ ಆಡಿಸಿ ಚೆಲ್ಲಿದರೆ ಆಯಿತು.

ತಲೆಗೊಂದು ಸ್ಟೀಲ್ ಲೋಟವೂ ಇಡಿ, ಉಗುಳಲು. ಹೌದು, ಉಗುಳಲು. ಊಟದ ಮೇಜಿನಲ್ಲಿ ಉಗುಳುವುದು ನಮಗೆ ಅಸಹ್ಯ, ಒಪ್ಪುತ್ತೇನೆ. ಆದರೆ ವೃತ್ತಿಯಿಂದ ರುಚಿ ನೋಡುವವರೆಲ್ಲ ಮಾಡುವುದು ಅದನ್ನೇ, ಸ್ಟೀಲ್ ಲೋಟ ಆದರೆ ಒಳಗಿರುವುದು ಯಾರಿಗೂ ಕಾಣುವುದಿಲ್ಲ. ನೀರು ಕುಡಿಯುವ ಲೋಟ ಮಾತ್ರ ಬೇರೆ ಬಣ್ಣದ್ದು, ಬೇರೆ ಆಕಾರದ್ದು ಇರಲಿ. ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಬಾಯಿ ತಿಳಿಮಾಡಲು ಬೇಕರಿಯ ಸಾದಾ ಬ್ರೆಡ್ ಅಥವಾ ಒಗ್ಗರಣೆ ಹಾಕದ ಕಡ್ಲೆಪುರಿ.

ಇನ್ನೊಂದು ಕೆಲಸ, ನನಗಂತೂ ಇದು ಬಲು ಇಷ್ಟ. 1984ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿದ್ದ ಆನ್ ನೋಬಲ್ ಎಂಬ ವಿಜ್ಞಾನಿ ವೈನ್ ವಾಸನೆಗಳ ಒಂದು ಚಕ್ರ ಬರೆದರು, ಈಗಲೂ ಎಲ್ಲ ಕಡೆ ಅದೇ ಓಡುತ್ತಿದೆ. ಅದರಲ್ಲಿರುವ ರಾಸ್ಪ್‌ಬೆರಿ, ಬ್ಲ್ಯಾಕ್‌ಕರೆಂಟ್ ತಗೊಂಡು ನಾವೇನು ಮಾಡೋಣ? ದೇವರಾಜ ಮಾರುಕಟ್ಟೆಗೆ ಹೋಗಿ ನಿಮ್ಮದೇ ಚಕ್ರ ಮಾಡಿಕೊಳ್ಳಿ. ಸೀಬೆಹಣ್ಣಿನ ಹೋಳು, ನಿಂಬೆ ಸಿಪ್ಪೆ, ದೊಣ್ಣೆಮೆಣಸಿನಕಾಯಿ, ಅನಾನಸ್, ಕಾಳುಮೆಣಸು ಜಜ್ಜಿದ್ದು, ಲವಂಗ, ಕಾಲ ಇದ್ದರೆ ನೇರಳೆಹಣ್ಣು, ಹತ್ತಿಯ ಮೇಲೆ ಎರಡು ತೊಟ್ಟು ವೆನಿಲಾ ಎಸೆನ್ಸ್. ಚಿಕ್ಕ ಬಟ್ಟಲುಗಳಲ್ಲಿ ಹಾಕಿ ಮುಚ್ಚಿಡಿ. ವೈನ್ ಮೂಸುವ ಮುಂಚೆ ಇವನ್ನು ಒಂದು ಸುತ್ತು ಮೂಸಲಿ. ಆಮೇಲೆ "ಏನೋ ಗೊತ್ತಾಗ್ತಿದೆ, ಏನು ಅಂತ ಬಾಯಿಗೆ ಬರ್ತಿಲ್ಲ" ಅನ್ನುವ ಮಾತು ಕಡಿಮೆಯಾಗುತ್ತದೆ.

ತಣಿಸುವುದು, ತೆರೆಯುವುದು

ಕೆಂಪು ವೈನ್ ಕೋಣೆಯ ಬಿಸಿಯಲ್ಲೇ ಕುಡಿಯಬೇಕು ಅಂತ ಎಲ್ಲೋ ಓದಿದವರು ಗುಂಪಿನಲ್ಲಿ ಒಬ್ಬರಿದ್ದೇ ಇರುತ್ತಾರೆ. ಆ ಕೋಣೆ ಯುರೋಪಿನದು, ನಮ್ಮದಲ್ಲ. ಕೆಂಪಿಗೆ ಬೇಕಾದದ್ದು 15ರಿಂದ 18 ಡಿಗ್ರಿ, ನಮ್ಮ ಹಾಲ್ ಬೇಸಿಗೆಯ ಸಂಜೆ 28-30 ಇರುತ್ತದೆ. ಆ ಬಿಸಿಗೆ ಸ್ಪಿರಿಟ್ಟಿನ ಘಾಟು ಬಿಟ್ಟು ಬೇರೇನೂ ಬರುವುದಿಲ್ಲ. ಕೆಂಪನ್ನೂ ಅರ್ಧ-ಮುಕ್ಕಾಲು ಗಂಟೆ ಫ್ರಿಜ್‌ನಲ್ಲಿಡಿ. ಬಿಳಿಗೆ 8ರಿಂದ 12 ಡಿಗ್ರಿ, ಅಂದರೆ ಮೂರು ಗಂಟೆ ಫ್ರಿಜ್, ಹಾಕುವ ಹದಿನೈದು ನಿಮಿಷ ಮುಂಚೆ ಹೊರಗೆ. ಸ್ಪಾರ್ಕ್ಲಿಂಗ್ ಇನ್ನೂ ತಣ್ಣಗೆ, 6ರಿಂದ 8. ಮರೆತಿದ್ದರೆ ದೊಡ್ಡ ಡಬರಿಯಲ್ಲಿ ಐಸು, ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿ ಮುಳುಗಿಸಿ, ಇಪ್ಪತ್ತು ನಿಮಿಷದಲ್ಲಿ ದಾರಿಗೆ ಬರುತ್ತದೆ. ನೀರು ಹಾಕದೆ ಬರೀ ಐಸ್ ಹಾಕಿದರೆ ಜಾಸ್ತಿ ಹೊತ್ತು ಹಿಡಿಯುತ್ತದೆ.

ಸ್ಪಾರ್ಕ್ಲಿಂಗ್ ಬಾಟಲಿಯೊಳಗೆ ಕಾರಿನ ಟೈರಿಗಿಂತ ಎರಡು ಪಟ್ಟಿಗೂ ಜಾಸ್ತಿ ಒತ್ತಡ ಇರುತ್ತದೆ. ತಂತಿ ಬಿಚ್ಚಿದ ಕ್ಷಣದಿಂದ ಹೆಬ್ಬೆರಳು ಕಾರ್ಕ್ ಮೇಲಿರಲಿ. ಬಾಟಲಿ ಓರೆಯಾಗಿ ಹಿಡಿದು, ಕಾರ್ಕ್ ಅಲ್ಲಾಡದ ಹಾಗೆ ಒತ್ತಿಕೊಂಡು, ಬಾಟಲಿಯನ್ನೇ ನಿಧಾನಕ್ಕೆ ತಿರುಗಿಸಿ. 'ಉಸ್' ಅಂತ ಬಂದರೆ ಸರಿ. ಢಮ್ ಅನ್ನಿಸುವುದು ಕ್ರಿಕೆಟ್ ಗೆದ್ದವರಿಗೆ ಇರಲಿ, ನಿಮ್ಮ ಮನೆಯಲ್ಲಿ ಷೋಕೇಸ್ ಗಾಜು ಇದೆ, ಟ್ಯೂಬ್‌ಲೈಟ್ ಇದೆ, ಎದುರಿಗೆ ಜನರ ಕಣ್ಣಿದೆ.

ಓಕ್‌ನ ಕೆಂಪನ್ನು ಅರ್ಧ ಗಂಟೆ ಮುಂಚೆ ಗಾಜಿನ ಜಗ್‌ಗೆ ಸುರಿದಿಡಿ, ಒರಟುತನ ಸ್ವಲ್ಪ ಇಳಿಯುತ್ತದೆ. ಬರೀ ಮುಚ್ಚಳ ತೆಗೆದಿಟ್ಟರೆ ಏನೂ ಆಗಲ್ಲ, ಕತ್ತಿನಲ್ಲಿ ಗಾಳಿ ಮುಟ್ಟುವ ಜಾಗ ಒಂದು ರೂಪಾಯಿ ನಾಣ್ಯದಷ್ಟು. ಕಾರ್ಕ್ ತುದಿಯಲ್ಲಿ ಸಕ್ಕರೆ ಹರಳಿನ ಹಾಗೆ ಏನಾದರೂ ಕಂಡರೆ ಹೆದರಬೇಡಿ, ದ್ರಾಕ್ಷಿಯ ಹುಳಿಯೇ ಹರಳುಗಟ್ಟಿರುವುದು.

ಮುಚ್ಚಿಟ್ಟು ಕೊಡಿ

ಹೆಸರು ಕಂಡರೆ ನಾಲಿಗೆ ಸುಳ್ಳು ಹೇಳುತ್ತದೆ. ಬೆಲೆ ಗೊತ್ತಿದ್ದರಂತೂ ಇನ್ನೂ ಜಾಸ್ತಿ. ಬಾಟಲಿಗೆ ನ್ಯೂಸ್‌ಪೇಪರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಕತ್ತಿನ ಹಾಳೆ ಕಿತ್ತುಬಿಡಿ. ಸುತ್ತುವವರು ಒಬ್ಬರು, ಗುರುತು ಬರೆಯುವವರು ಇನ್ನೊಬ್ಬರು. ಹಾಗೆ ಮಾಡಿದರೆ ಮನೆಯವರೂ ಆಟದಲ್ಲಿ ಸೇರಬಹುದು. ಜೋಡಿ ಮಾತ್ರ ಜೋಡಿಯಾಗೇ ಇರಲಿ, ಆರನ್ನೂ ಕಲಸಿಬಿಡಬೇಡಿ. ಗುರುತಿಗೆ 1, 2 ಬೇಡ, ಒಂದು ಅಂದರೆ ಮೊದಲನೇ ದರ್ಜೆ ಅಂತ ಮನಸ್ಸು ತಾನೇ ಅಂದುಕೊಳ್ಳುತ್ತದೆ. 417, 862 ಹೀಗೆ ಬಾಯಿಗೆ ಬಂದ ಮೂರಂಕಿ ಹಾಕಿ. ಆಹಾರದ ಲ್ಯಾಬ್‌ಗಳಲ್ಲಿ ರುಚಿ ಪರೀಕ್ಷೆ ಮಾಡುವಾಗ ಹೀಗೇ ಮಾಡುವುದು. ಮೈಸೂರಿನಲ್ಲಿ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐನಲ್ಲಿ ಕೆಲಸ ಮಾಡಿದ ನೆಂಟರು ಒಬ್ಬರಾದರೂ ಇಲ್ಲದ ಮನೆ ಅಪರೂಪ, ಬೇಕಾದರೆ ಅವರನ್ನೇ ಕೇಳಿ.

2001ರಲ್ಲಿ ಪ್ರಕಟವಾದ ಒಂದು ಫ್ರೆಂಚ್ ಪ್ರಯೋಗ ನನಗೆ ಬಹಳ ಮೆಚ್ಚು. ಬೋರ್ಡೋದಲ್ಲಿ 54 ಜನರಿಗೆ ಬಿಳಿ ವೈನ್‌ಗೆ ಕೆಂಪು ಬಣ್ಣ ಹಾಕಿ ಕೊಟ್ಟರು, ಬಣ್ಣಕ್ಕೆ ವಾಸನೆ ಇರಲಿಲ್ಲ. ಅವರು ಅದನ್ನು ವರ್ಣಿಸಿದ್ದು ಕೆಂಪು ವೈನ್‌ಗೆ ಬಳಸುವ ಮಾತುಗಳಲ್ಲಿ. ಅವರೆಲ್ಲ ವೈನ್ ಓದುತ್ತಿದ್ದವರು. ಇದನ್ನು ನೀವೂ ಆಡಬಹುದು: ಒಂದು ಬಿಳಿ, ಒಂದು ಕೆಂಪು, ಎರಡನ್ನೂ ಒಂದೇ ತಣ್ಣಗೆ ಮಾಡಿ ಸ್ಟೀಲ್ ಲೋಟದಲ್ಲಿ ಹಾಕಿ, ಕಣ್ಣು ಕಟ್ಟಿ ಕೊಡಿ. ಎಲ್ಲರಿಗಿಂತ ಜೋರಾಗಿ ಮಾತಾಡುವವರಿಗೆ ಮೊದಲು.

ನೋಡಿ, ಮೂಸಿ, ಗುಟುಕರಿಸಿ

ಗ್ಲಾಸಿಗೆ ಬಿದ್ದ ಮೇಲೆ ಎರಡು ನಿಮಿಷ ಯಾರೂ ಮಾತಾಡಬಾರದು. ಇದು ಕಟ್ಟುನಿಟ್ಟು. ಮೊದಲು ಬಾಯಿ ಬಿಟ್ಟವನು "ಮಾವಿನಹಣ್ಣು ಗುರು!" ಅಂದರೆ ಉಳಿದ ಏಳು ಮೂಗಿಗೂ ಮಾವಿನಹಣ್ಣೇ. ಎಲ್ಲರೂ ಮೊದಲು ಚೀಟಿಯಲ್ಲಿ ಬರೆಯಲಿ, ಆಮೇಲೆ ಜಗಳ.

ಬಣ್ಣ ನೋಡುವುದಕ್ಕೆ ಹತ್ತು ಸೆಕೆಂಡು ಸಾಕು. ಬಿಳಿ ಹಾಳೆ ಮೇಲೆ ಓರೆ ಹಿಡಿಯಿರಿ. ಬಿಳಿ ವೈನ್ ಕಂದು ತಿರುಗಿದ್ದರೆ, ಕೆಂಪಿನ ಅಂಚು ಇಟ್ಟಿಗೆ ಬಣ್ಣಕ್ಕೆ ಬಂದಿದ್ದರೆ ವಯಸ್ಸಾಗಿದೆ.

ಆಮೇಲೆ ಅಲ್ಲಾಡಿಸದೆ ಒಂದು ಸಲ ಮೂಸಿ. ಗ್ಲಾಸನ್ನು ಮೇಜಿನ ಮೇಲಿಟ್ಟೇ ಗಿರ್ ಅಂತ ಸುತ್ತಿಸಿ ಇನ್ನೊಂದು ಸಲ ಮೂಸಿ, ಗಾಳಿಯಲ್ಲಿ ಎತ್ತಿ ಸುತ್ತಿಸಿದರೆ ಪಕ್ಕದವರ ಅಂಗಿಗೆ ಬೀಳುತ್ತದೆ. ಎರಡು ಚಿಕ್ಕ ಮೂಸು ಸಾಕು, ಉದ್ದಕ್ಕೆ ಎಳೆದರೆ ಮೂಗು ದಣಿಯುತ್ತದೆ. ದಣಿದರೆ ನಿಮ್ಮ ಮೊಣಕೈಯನ್ನೇ ಮೂಸಿ, ಸರಿಹೋಗುತ್ತದೆ. ಈಗ ಆ ಬಟ್ಟಲುಗಳು ಕೆಲಸಕ್ಕೆ ಬರುತ್ತವೆ. ಲಾ ರಿಸರ್ವ್‌ನಲ್ಲಿ ಲವಂಗ, ವೆನಿಲಾ ಹುಡುಕಿ. ಸುಟ್ಟ ಓಕ್‌ನಿಂದ ವೈನ್‌ಗೆ ಇಳಿಯುವ ಯೂಜಿನಾಲ್ ಲವಂಗದಲ್ಲಿರುವುದೇ ಅದು, ಕಲ್ಪನೆ ಅಲ್ಲ. ಹಾಗೆಯೇ ಶಿರಾಜ್‌ನಲ್ಲಿ ಬರುವ ಕಾಳುಮೆಣಸಿನ ವಾಸನೆ. ಅದರ ಹಿಂದಿರುವ ರೊಟುಂಡೋನ್ ಎಂಬ ವಸ್ತುವನ್ನು ಆಸ್ಟ್ರೇಲಿಯಾದವರು 2008ರಲ್ಲಿ ಗುರುತಿಸಿದರು, ಕಾಳುಮೆಣಸಿನಲ್ಲೂ ಅದೇ ಇರುವುದು. ಮಜಾ ಏನೆಂದರೆ ಅವರ ಪರೀಕ್ಷೆಯಲ್ಲಿ ಐದರಲ್ಲಿ ಒಬ್ಬರಿಗೆ ಆ ವಾಸನೆ ಗೊತ್ತೇ ಆಗಲಿಲ್ಲ. ನಿಮ್ಮ ಎಂಟರಲ್ಲಿ ಒಬ್ಬರು "ಎಲ್ಲಿದೆ ಮೆಣಸು, ಸುಳ್ಳು" ಅಂದರೆ ಬೈಯಬೇಡಿ, ಅವರ ಮೂಗು ಹುಟ್ಟಿದ್ದೇ ಹಾಗೆ ಇರಬಹುದು.

ಬಾಯಿಗೆ ಹಾಕಿಕೊಂಡ ಮೇಲೆ ನುಂಗುವ ಆತುರ ಬೇಡ. ಐದು ಸೆಕೆಂಡು ಬಾಯಲ್ಲೆಲ್ಲ ಓಡಾಡಿಸಿ, ಒಂಚೂರು ಗಾಳಿ ಎಳೆದುಕೊಳ್ಳಿ. ಒಂದೊಂದಾಗಿ ಕೇಳಿಕೊಳ್ಳಿ. ಸಿಹಿ ಇದೆಯಾ? ಹಣ್ಣಿನ ವಾಸನೆ ಬಂದರೆ ಸಿಹಿ ಅಂತಲೇ ಅನ್ನಿಸಿಬಿಡುತ್ತದೆ, ಅದಕ್ಕೆ ಮೂಗು ಹಿಡಿದುಕೊಂಡು ಒಂದು ಗುಟುಕು ಕುಡಿಯಿರಿ, ಆಗ ಉಳಿಯುವುದೇ ನಿಜವಾದ ಸಿಹಿ. ಹುಳಿ ಎಷ್ಟು? ನುಂಗಿದ ಮೇಲೆ ದವಡೆಯ ಪಕ್ಕದಲ್ಲಿ ಜೊಲ್ಲು ಎಷ್ಟು ಒಸರುತ್ತದೆ ನೋಡಿ, ಜಾಸ್ತಿ ಒಸರಿದರೆ ಹುಳಿ ಜಾಸ್ತಿ. ಒಗರು? ಕೆಂಪಿನಲ್ಲಿ ಮಾತ್ರ ಕೇಳಬೇಕಾದ ಪ್ರಶ್ನೆ. ನೇರಳೆಹಣ್ಣು ತಿಂದಾಗ ಒಸಡು ಬಿಗಿಯುತ್ತದಲ್ಲ, ಅದು. ಕಹಿಗೂ ಒಗರಿಗೂ ಕಲಸಿಕೊಳ್ಳಬೇಡಿ, ಒಗರು ರುಚಿಗಿಂತ ಜಾಸ್ತಿ ಮುಟ್ಟಿದ ಅನುಭವ. ಮೈ ಹೇಗಿದೆ? ಕೆಲವು ನೀರುಮಜ್ಜಿಗೆಯ ಹಾಗೆ ಹಗುರ, ಕೆಲವು ಗಟ್ಟಿ ಹಾಲಿನ ಹಾಗೆ ನಾಲಿಗೆ ಮೇಲೆ ಕೂರುತ್ತವೆ. ಕೊನೆಗೆ, ಉಗುಳಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಎಣಿಸಿ. ಮೂರು ಸೆಕೆಂಡಿಗೆ ಮಾಯವಾದರೆ ಸಾಧಾರಣ, ಹತ್ತು ದಾಟಿದರೆ ಒಳ್ಳೆಯ ವೈನ್.

ಅಂಕ ಕೊಡುವ ಗೋಜು ಬೇಡ. ಚೀಟಿಯಲ್ಲಿ ಮೂರೇ ಸಾಲು: ಮೂಗಿಗೆ ಏನು ಬಂತು, ಬಾಯಿಗೆ ಏನು ಬಂತು, ಇನ್ನೊಂದು ಗ್ಲಾಸ್ ಕೊಟ್ಟರೆ ಕುಡಿಯುತ್ತೀಯಾ? ಮೂರನೆಯದೇ ಮುಖ್ಯ. ಪ್ರತಿ ಜೋಡಿ ಆದ ಮೇಲೆ ಪೇಪರ್ ಬಿಚ್ಚಿ. ಆರೂ ಮುಗಿಯುವ ತನಕ ಕಾದರೆ ಮೊದಲಿನದು ಮರೆತೇ ಹೋಗಿರುತ್ತದೆ.

ನಡುವೆ ಯಾವುದಾದರೂ ಬಾಟಲಿ ವಿಚಿತ್ರವಾಗಿದ್ದರೆ? ಒದ್ದೆ ರಟ್ಟಿನ ಡಬ್ಬದ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ, ಏನೂ ಮಾಡುವ ಹಾಗಿಲ್ಲ. ವಿನೆಗರ್, ನೇಲ್ ಪಾಲಿಶ್ ವಾಸನೆ ಬಂದರೂ ಅಷ್ಟೇ. ಕಡ್ಡಿ ಗೀರಿದ ವಾಸನೆ ಮಾತ್ರ ಐದು ನಿಮಿಷ ಬಿಟ್ಟರೆ ಹೋಗುತ್ತದೆ. ತಂದವರನ್ನು ರೇಗಿಸಬೇಡಿ, ಕೆಟ್ಟ ಬಾಟಲಿ ಹೇಗಿರುತ್ತದೆ ಅಂತ ಎಲ್ಲರೂ ಒಮ್ಮೆ ಮೂಸಿಟ್ಟುಕೊಳ್ಳಿ.

ಊಟಕ್ಕೆ ಮುಂಚೆ ಒಂದು ಐದು ನಿಮಿಷದ ಆಟ

ಒಂದು ತಟ್ಟೆಯಲ್ಲಿ ಉಪ್ಪು, ನಿಂಬೆ ಹೋಳು, ಸಕ್ಕರೆ, ಅಚ್ಚಖಾರದ ಪುಡಿ ಇಡಿ. ಕೆಂಪು ವೈನ್ ಒಂದು ಗುಟುಕು, ಉಪ್ಪು ನೆಕ್ಕಿ, ಮತ್ತೆ ಒಂದು ಗುಟುಕು. ವೈನ್ ಮೆತ್ತಗಾಗಿರುತ್ತದೆ. ನಿಂಬೆ ನೆಕ್ಕಿ ಕುಡಿಯಿರಿ, ವೈನ್‌ನ ಹುಳಿಯೇ ಮಾಯ. ಸಕ್ಕರೆ ಆದ ಮೇಲೆ ಅದೇ ವೈನ್ ಹುಳಿಯಾಗಿ ಒರಟಾಗುತ್ತದೆ. ಖಾರ ಆದ ಮೇಲೆ ಬಾಯಿ ಉರಿಯುತ್ತದೆ, ಆಲ್ಕೋಹಾಲ್ ಆ ಉರಿಗೆ ಎಣ್ಣೆ ಸುರಿಯುತ್ತದೆ, ಒಗರು ಇನ್ನೂ ಕೆರೆಯುತ್ತದೆ. ಇಷ್ಟು ಗೊತ್ತಾದರೆ ಯಾವ ಅಡುಗೆಗೆ ಯಾವ ವೈನ್ ಅಂತ ಪಟ್ಟಿ ಬಾಯಿಪಾಠ ಮಾಡಬೇಕಾಗಿಲ್ಲ.

ಎಲೆ ಮುಂದೆ

ಬಲಗೈಯಲ್ಲಿ ಸಾರು ಕಲಸುತ್ತಿರುತ್ತೀರಿ, ಹಾಗಾಗಿ ಗ್ಲಾಸ್ ಎಡಗಡೆ ಇಡಿ, ಎಡಗೈಯಲ್ಲಿ ಎತ್ತಿ. ಚಿಕ್ಕ ವಿಷಯ, ಆದರೆ ವಿದೇಶಿ ಫೋಟೋ ನೋಡಿ ಬಲಗಡೆ ಜೋಡಿಸಿದರೆ ಎಲ್ಲ ಗ್ಲಾಸಿಗೂ ಜಿಡ್ಡು ಮೆತ್ತಿಕೊಳ್ಳುತ್ತದೆ.

ಮದ್ದೂರು ವಡೆಯ ಮಾತು ಈಗ. ಎಣ್ಣೆಯಲ್ಲಿ ಕರಿದ, ಉಪ್ಪು-ಈರುಳ್ಳಿ ಇರುವ, ಗರಿಗರಿ ವಡೆ, ಅದರ ಮೇಲೆ ತಣ್ಣನೆಯ ಬ್ರೂಟ್. ಗುಳ್ಳೆ, ಹುಳಿ ಎರಡೂ ಸೇರಿ ನಾಲಿಗೆಯ ಎಣ್ಣೆ ತೊಳೆದುಬಿಡುತ್ತವೆ, ಇನ್ನೊಂದು ತುಂಡು ಬೇಕು ಅನ್ನಿಸುತ್ತದೆ. ಇಡೀ ರಾತ್ರಿಯಲ್ಲಿ ಯಾರೂ ತಕರಾರು ತೆಗೆಯದ ಜೋಡಿ ಇದು. ಚಟ್ನಿ ಮಾತ್ರ ಪಕ್ಕಕ್ಕಿಡಿ.

ಮಂಡ್ಯ ಕಡೆಯ ನಾಟಿ ಕೋಳಿ ಸಾರು, ಮುದ್ದೆ ಇದ್ದರೆ ಎಲ್ಲರ ಕೈ ಕೆಂಪು ವೈನ್ ಕಡೆ ಹೋಗುತ್ತದೆ. ಮಾಂಸಕ್ಕೆ ಕೆಂಪು ಅಂತ ಎಲ್ಲೋ ಕೇಳಿರುತ್ತಾರೆ. ಬೇಡ. ಆ ಖಾರಕ್ಕೆ ಶಿರಾಜ್ ಕೊಟ್ಟರೆ ಗಂಟಲು ಹತ್ತಿಕೊಂಡು ಉರಿಯುತ್ತದೆ. ಫ್ರಿಜ್‌ನಿಂದ ಆಗ ತೆಗೆದ ಶೆನಿನ್ ಹಾಕಿ. ತಣ್ಣಗೆ, ತುಸು ಸಿಹಿ, ಒಗರಿಲ್ಲ. ಖಾರ ಇಳಿಯುತ್ತದೆ, ಕೊತ್ತಂಬರಿ-ತೆಂಗಿನಕಾಯಿ ಮಸಾಲೆ ಮುಂದೆ ಬರುತ್ತದೆ. ರುಚಿ ನೋಡುವಾಗ "ಇದರಲ್ಲೇನಿದೆ, ಜ್ಯೂಸು" ಅಂತ ಶೆನಿನ್ ಚೀಟಿಗೆ 'ಬೇಡ' ಬರೆದವರೇ ಈಗ ಇನ್ನೊಂದು ಸ್ವಲ್ಪ ಹಾಕು ಅನ್ನುತ್ತಾರೆ. ಹೀಗಾಗಿಯೇ ಮೊದಲು ಬರೀ ಬಾಯಲ್ಲಿ, ಆಮೇಲೆ ಊಟದ ಜೊತೆ, ಎರಡು ಸಲ ರುಚಿ ನೋಡಬೇಕು ಅನ್ನುವುದು. ಮುದ್ದೆ ನುಂಗಿ, ವೈನ್ ನುಂಗಬೇಡಿ, ಬಾಯಲ್ಲಿ ಒಂದು ಸುತ್ತು ಬರಲಿ.

ಕೆಂಪು ಎಲ್ಲಿ ಹಾಗಾದರೆ? ಬನ್ನೂರು ಕುರಿಯ ಚಾಪ್ಸ್‌ಗೆ, ಆದರೆ ಹಸಿಮೆಣಸಿನಕಾಯಿ ಬಿಟ್ಟು ಕಾಳುಮೆಣಸಿನಲ್ಲಿ ಮಾಡಿಸಿ, ಉಪ್ಪು ಸರಿಯಾಗಿರಲಿ. ಆ ಮಾಂಸದಲ್ಲಿ ಕೊಬ್ಬು ಚೆನ್ನಾಗಿರುತ್ತದೆ, ಕೆಂಪಿನ ಒಗರು ಆ ಜಿಡ್ಡಿನ ಜೊತೆ ಸೇರಿ ಮೆತ್ತಗಾಗುತ್ತದೆ. ಶಿರಾಜ್‌ನ ಮೆಣಸು ಚಾಪ್ಸ್‌ನ ಮೆಣಸಿಗೆ ಸೇರುತ್ತದೆ. ಮಾಂಸ ತಿನ್ನದವರಿಗೆ ಈರನಗೆರೆ ಬದನೆಕಾಯಿಯ ಎಣ್ಣೆಗಾಯಿ ಮಾಡಿ. ಕಡಲೆಬೀಜ, ಎಳ್ಳಿನ ಜಿಡ್ಡು ಇರುವುದರಿಂದ ಓಕ್ ಇಲ್ಲದ ಕೆಂಪು ಹೊಂದುತ್ತದೆ. ಹುಣಸೆಹುಳಿ ಜಾಸ್ತಿ ಬಿದ್ದರೆ ಕೆಂಪು ಸಪ್ಪೆ ಅನ್ನಿಸುತ್ತದೆ, ಆಗ ಸಾವಿನ್ಯಾನ್‌ಗೆ ಬನ್ನಿ, ಅಡುಗೆಯ ಹುಳಿಗೆ ವೈನ್‌ನ ಹುಳಿ ಸಮ ನಿಲ್ಲಬೇಕು. ಬಿಸಿಬೇಳೆ ಬಾತ್‌ಗೆ ನನ್ನ ಮಟ್ಟಿಗೆ ವೈನ್ ಯಾವುದೂ ಬೇಡ, ಅದಕ್ಕೆ ಬೂಂದಿಯೇ ಸರಿ.

ಸಿಹಿಗೆ ಯಾರಾದರೂ ಸಯ್ಯಾಜಿರಾವ್ ರಸ್ತೆಯಿಂದ ಮೈಸೂರ್ ಪಾಕ್ ತಂದೇ ತರುತ್ತಾರೆ. ವೈನ್ ಯಾವಾಗಲೂ ತಿಂಡಿಗಿಂತ ಸಿಹಿಯಾಗಿರಬೇಕು, ಇಲ್ಲವಾದರೆ ಹುಳಿ ಹೊಡೆಯುತ್ತದೆ. ಮೈಸೂರ್ ಪಾಕ್ ಮುಂದೆ ಲೇಟ್ ಹಾರ್ವೆಸ್ಟ್ ಕೂಡ ಸೋಲುತ್ತದೆ. ಅದಕ್ಕೆ ನಂಜನಗೂಡು ರಸಬಾಳೆ ಸಿಕ್ಕರೆ ಅದರ ಜೊತೆ ಕುಡಿಯಿರಿ, ಇಲ್ಲದಿದ್ದರೆ ಉಪ್ಪು ಹಾಕಿ ಹುರಿದ ಗೋಡಂಬಿ. ಮೈಸೂರ್ ಪಾಕ್ ಆಮೇಲೆ ಬರೀ ಬಾಯಲ್ಲಿ ತಿನ್ನಿ. ಮೊಸರನ್ನ ಬಂತು ಅಂದರೆ ಗ್ಲಾಸ್ ಎತ್ತಿಡುವ ಹೊತ್ತಾಯಿತು, ಮೊಸರು, ಉಪ್ಪಿನಕಾಯಿ ಜೊತೆ ಯಾವ ವೈನೂ ನಿಲ್ಲಲ್ಲ.

ಹೋಗುವವರು, ಉಳಿದದ್ದು

ಗಾಡಿ ಓಡಿಸುವವರ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ಆಲ್ಕೋಹಾಲ್. ಮೊದಲ ಸಲ ಸಿಕ್ಕಿಬಿದ್ದರೂ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಎರಡೂ ಬೇಕಾದರೂ ಆಗಬಹುದು. ಆರು ಬಗೆ ನುಂಗಿದವರು ಈ ಮಿತಿ ದಾಟಿರುತ್ತಾರೆ ಅಂತಲೇ ಇಟ್ಟುಕೊಳ್ಳಿ. ಆಟೋ, ಕ್ಯಾಬ್ ಮೊದಲೇ ಹೇಳಿಡಿ, ಮಂಡ್ಯಕ್ಕೆ ವಾಪಸ್ ಹೋಗುವವರಿಗೆ ಹಾಸಿಗೆ ಹಾಸಿ.

ಉಳಿದ ಬಾಟಲಿಗಳಿಗೆ ಮುಚ್ಚಳ ಬಿಗಿದು ಎಲ್ಲವನ್ನೂ ಫ್ರಿಜ್‌ಗೆ ಸೇರಿಸಿ, ಕೆಂಪೂ ಸೇರಿ. ಬಿಳಿ, ಕೆಂಪು ಮೂರು ದಿನ ತಡೆಯುತ್ತವೆ, ಲೇಟ್ ಹಾರ್ವೆಸ್ಟ್ ಒಂದು ವಾರ. ಸ್ಪಾರ್ಕ್ಲಿಂಗ್ ಅವತ್ತೇ ಮುಗಿಸಿ, ಬಾಟಲಿ ಬಾಯಿಗೆ ಚಮಚ ಸಿಕ್ಕಿಸಿದರೆ ಗುಳ್ಳೆ ಉಳಿಯುತ್ತದೆ ಅನ್ನುವುದು ಕಟ್ಟುಕತೆ. ಮಾರನೇ ದಿನ ಸಂಜೆ ಕೆಂಪು ಜೋಡಿಯನ್ನು ಮತ್ತೆ ಎರಡು ಗುಟುಕು ನೋಡಿ, ಓಕ್‌ನದು ಹಿಂದಿನ ರಾತ್ರಿಗಿಂತ ಚೆನ್ನಾಗಿದ್ದರೂ ಇರಬಹುದು. ಚೀಟಿಗಳ ಫೋಟೋ ತೆಗೆದು ಗುಂಪಿಗೆ ಹಾಕಿ. ಮುಂದಿನ ಸಲ ಶಿರಾಜ್ ಒಂದೇ ದ್ರಾಕ್ಷಿ ಹಿಡಿದು ನಾಲ್ಕು ಊರಿನ ನಾಲ್ಕು ಬಾಟಲಿ ಇಡಿ, ಆಗ ಖರ್ಚೂ ಕಡಿಮೆ, ಜಗಳ ಇನ್ನೂ ಜೋರು.